ಹೊಳೆದಂಡೆಯಲ್ಲಿ ರೈಲು ಬಿಟ್ಟದ್ದು

ಬಣಗುಟ್ಟುತ್ತಿದ್ದ ಹೊಳೆದಂಡೆಗೆ ಜನ ಬರಲಿ ಅಂತ ನಗರಸಭೆಯವರು ಹಳೇ ಉಗಿಬಂಡಿಯೊಂದನ್ನು ತಂದು ನಿಲ್ಲಿಸಿದರು. ಹಳಿ ಹಾಸಿದರು, ಬಣ್ಣ ಹೊಡೆದರು. ಇಂಜಿನ್ನಿನ ಹೊಟ್ಟೆಯೊಳಗೆ ಮಾತ್ರ ಪಾರಿವಾಳಗಳು ಸಂಸಾರ ಹೂಡಿದ್ದವು.

ಉದ್ಘಾಟನೆಯ ಬೆಳಿಗ್ಗೆ ಅಧ್ಯಕ್ಷ ರುದ್ರಮುನಿಯಪ್ಪನವರು ಅಲ್ಲಿನ ಕಾವಲುಗಾರನನ್ನು ಕರೆದರು. "ನನ್ನ ಭಾಷಣ ಮುಗಿಯೋದರೊಳಗೆ ರೈಲು ಬಿಡಬೇಕು. ಇಲ್ಲದಿದ್ರೆ ನಿನ್ನ ಕೆಲಸ ಹೋಯ್ತು."

"ನೀವಿರುವಾಗ ರೈಲು ಬಿಡೋಕೆ ನಾನ್ಯಾರು ಸಾರ್?" ಅಂದವನೇ ಕಾವಲುಗಾರ ಪೀಪಿ, ಹಸಿರು ಬಾವುಟ ಹಿಡಿದು ಮೈಕಿನ ಪಕ್ಕ ನಿಂತ.

ಅಧ್ಯಕ್ಷರು ಶುರುಮಾಡಿದರು. "ಇದನ್ನು ನೋಡೋಕೆ ಜಪಾನಿನಿಂದ ಜನ ಬರ್ತಾರೆ."

ಕಾವಲುಗಾರ ಪೀಪಿ ಊದಿ ಬಾವುಟ ಬೀಸಿದ.

"ಈ ಹೊಳೇಲಿ ಹಡಗು ಓಡಿಸ್ತೀನಿ."

ಮೊಣಕಾಲುದ್ದದ ನೀರಲ್ಲಿ ಮಲಗಿದ್ದ ಎಮ್ಮೆಗಳು ತಲೆಯೆತ್ತಿದವು. ಮತ್ತೆ ಪೀಪಿ, ಮತ್ತೆ ಬಾವುಟ.

ಅಧ್ಯಕ್ಷರು ಸಿಡುಕಿದರು. "ಇಂಜಿನ್ನು ಅಲ್ಲೇ ಇದೆಯಲ್ಲೋ, ಯಾವ ರೈಲಿಗೆ ಊದ್ತಿದೀಯ?"

"ನೀವು ಬಿಡ್ತಿರೋ ರೈಲಿಗೆ ಸಾರ್. ಎರಡು ಹೋದವು, ಮೂರನೇದಕ್ಕೆ ಕಾಯ್ತಿದೀನಿ."

ಜನ ಬಿದ್ದು ಬಿದ್ದು ನಕ್ಕರು. ಎಮ್ಮೆಗಳೂ ನಕ್ಕವು, ಬೇಕಾದರೆ ಹೋಗಿ ಕೇಳಿ. ಅಧ್ಯಕ್ಷರ ಮೀಸೆ ಮೊದಲು ಸೆಟೆಯಿತು, ಆಮೇಲೆ ಅದೂ ಅದುರತೊಡಗಿತು.

"ಹಂಗಾದ್ರೆ ನನ್ನ ಕೆಲಸ ಸಾರ್?"

"ಇರ್ಲಿ ಬಿಡೋ," ಅಂದರು ಅಧ್ಯಕ್ಷರು ನಗು ತಡೆಯಲಾರದೆ. "ಮುಂದಿನ ವರ್ಷ ಚುನಾವಣೆ. ಬಾವುಟ ಬೀಸೋಕೆ ಒಬ್ಬ ಬೇಕಲ್ಲ."