ಹುಡಿಯವ್ವ ಕಟ್ಟಿದ ಬುತ್ತಿ

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ ಅದು. ಎಲ್ಲಿ ಕೂರಬೇಕೆಂದು ಬೆಟ್ಟಗಳು ಇನ್ನೂ ಜಗಳವಾಡುತ್ತಿದ್ದವು. ಆಗ ಮಣ್ಣಿನೊಳಗೆ ಹುಡಿಯವ್ವ ಎಂಬ ಮುದುಕಿ ಇದ್ದಳು. ಎಷ್ಟು ಸಣ್ಣವಳೆಂದರೆ, ಒಂದು ಸಾಸಿವೆ ಕಾಳಿನ ಮೇಲೆ ಅವಳ ಊರಿಗೆ ಊರೇ ಸಂತೆ ಕೂಡಬಹುದಿತ್ತು. ಕೋಪ ಮಾತ್ರ ಆನೆ ಗಾತ್ರದ್ದು.

ಅವಳ ಮಕ್ಕಳು ದಿನಾ ಗಾಳಿ ಹತ್ತಿ ಅವರೆಬಳ್ಳಿಯ ಮೇಲೆ ಆಡಲು ಹೋಗುತ್ತಿದ್ದರು. ಆಗಿನ ಅವರೆ ಎಲೆಯೆಂದರೆ ಒಕ್ಕಣೆ ಕಣದಷ್ಟು ಅಗಲ.

ಆ ಬಳ್ಳಿಗೆ ಗಡದ್ದಪ್ಪ ಎಂಬ ಹಸಿರು ಹುಳ ಬಂದ. ಅವನು ಬೆಳಿಗ್ಗೆ ಬಾಯಿ ಹಾಕಿದರೆ, ನೆರಳಿಗೆ ಮಲಗಿದ ಕಾಡುಕೋಣ ಮಧ್ಯಾಹ್ನಕ್ಕೆ ಸುಡುಬಿಸಿಲಲ್ಲಿ ಎದ್ದು ಕೂರುತ್ತಿತ್ತು. ಸುಳ್ಳೆನ್ನುವವರು ಆ ಕಾಡುಕೋಣವನ್ನೇ ಕೇಳಲಿ!

ಒಂದು ಸಂಜೆ ಮಕ್ಕಳಲ್ಲಿ ಅರ್ಧ ಜನ ಮನೆಗೆ ಬರಲಿಲ್ಲ. ಹುಡಿಯವ್ವ ಹತ್ತಿ ನೋಡಿದರೆ ಎಲೆಯೇ ಇಲ್ಲ.

"ಏಯ್ ಗಡದ್ದಪ್ಪ! ಎಲೆ ಮೇಲೆ ನನ್ನ ಮಕ್ಕಳಿದ್ರಲ್ಲೋ!"

"ಇದ್ರಾ? ನಾಲಿಗೆಗೆ ಗೊತ್ತೇ ಆಗಲಿಲ್ಲ ಕಣಜ್ಜಿ. ಇನ್ನಷ್ಟು ಜನಾನ ಕಳಿಸು, ರುಚಿ ನೋಡಿ ಹೇಳ್ತೀನಿ. ಬೇರೆಯವರ ಹೊಟ್ಟೇಲಿ ಹುಳಿನೀರು. ನಂದು ಸುಣ್ಣದ ತಿಳಿ! ಎಂಥ ಒಗರೆಲೆ ಬಿದ್ರೂ ಕರಗಬೇಕು."

ಹುಡಿಯವ್ವನ ಮೈ ಕಾದ ಹೆಂಚಾಯಿತು. ಗಾಳಿಯ ಹತ್ತಿರ ಓಡಿದಳು. "ಗಾಳಿಯಣ್ಣ, ಅವನನ್ನ ಕೆಳಗೆ ಕೆಡವು!"

"ಕೆಡವಿದೆ ಕಣವ್ವ. ಬಾಯಿಂದ ನೂಲು ಬಿಟ್ಟುಕೊಂಡು ಮತ್ತೆ ಹತ್ತಿದ."

ಹೊಳೆಯ ಹತ್ತಿರ ಓಡಿದಳು. "ಹೊಳೆಯಕ್ಕ, ಅವನನ್ನ ಮುಳುಗಿಸು!"

"ಅಷ್ಟೆತ್ತರ ನಾನು ಉಕ್ಕಿದರೆ ಮೊದಲು ಕೊಚ್ಚಿಹೋಗೋದು ನಿನ್ನ ಮನೆಯೇ."

ಅತ್ತ ಅವರೆಬಳ್ಳಿ ಗೋಳಾಡಿತು. "ಅವ್ವಾ, ಉಳಿದಿರೋದು ಇದೊಂದೇ ಚಿಗುರು. ಇದೂ ಹೋದರೆ ಹೂ ಬಿಡದೇ ಸಾಯ್ತೀನಿ. ನಿನ್ನ ಉಳಿದ ಮಕ್ಕಳು ಆಮೇಲೆ ಎಲ್ಲಿ ಆಡ್ತಾರೆ?"

"ಕಂಡವರ ಕಾಲು ಹಿಡಿದದ್ದು ಸಾಕು! ನನ್ನ ಮಕ್ಕಳನ್ನ ಬುತ್ತಿ ಇಲ್ಲದೆ ಕಳಿಸಿದೆನಲ್ಲ, ನನಗೆ ಬುದ್ಧಿ ಇಲ್ಲ!"

ಹುಡಿಯವ್ವ ಕೂತಳು. ತನ್ನ ಸಿಟ್ಟನ್ನೇ ನಾದಿದಳು. ನಾದಿ ನಾದಿ ಕಲ್ಲುಸಕ್ಕರೆ ಹರಳಿನ ಹಾಗೆ ಗಟ್ಟಿ ಮಾಡಿದಳು. ಸುಣ್ಣ ಸೋಕಿದರೆ ಮಾತ್ರ ಬಿಚ್ಚಿಕೊಳ್ಳುವ ಗಂಟು ಹಾಕಿದಳು. ಉಳಿದ ಮಕ್ಕಳಿಗೆ ಸುಣ್ಣಕ್ಕೂ ಕರಗದ ಗಟ್ಟಿ ಕಂಬಳಿ ಸುತ್ತಿ, ಒಬ್ಬೊಬ್ಬರ ಪಕ್ಕಕ್ಕೂ ಒಂದೊಂದು ಬುತ್ತಿ ಕಟ್ಟಿ, ಆ ಚಿಗುರಿನ ಮೇಲೆ ಕೂರಿಸಿದಳು.

"ಗಡದ್ದಪ್ಪ, ಕೇಳಿಸಿಕೋ! ಕರೆಯದೆ ಇನ್ನೊಬ್ಬರ ಬುತ್ತಿಗೆ ಕೈ ಹಾಕಬಾರದು. ದಾರಿ ನಡೆಯೋರೆಲ್ಲ ಪಾಲಿಸೋ ಕಟ್ಟಳೆ ಅದು."

"ನನಗೆ ಕೈ ಎಲ್ಲಿದೆ ಅಜ್ಜಿ? ನಾನು ಬಾಯಿ ಹಾಕ್ತೀನಿ!"

ಹಾಕಿಯೇ ಬಿಟ್ಟ. ಅರ್ಧ ಚಿಗುರು, ಕಂಬಳಿ, ಮಕ್ಕಳು, ಬುತ್ತಿ, ಎಲ್ಲ ಒಂದೇ ತುತ್ತು.

ಒಳಗೆ ಸುಣ್ಣದ ತಿಳಿ ಸೋಕಿತು. ಗಂಟು ಬಿಚ್ಚಿತು. ಹರಳು ಕರಗಿ, ಒಳಗಿದ್ದ ಸಿಟ್ಟಿನ ಚೂರುಗಳು ಎದ್ದವು. ಕರು ತನ್ನ ಗೂಟ ಹುಡುಕುವ ಹಾಗೆ ಹೊಟ್ಟೆಯ ಗೋಡೆಯುದ್ದಕ್ಕೂ ಹುಡುಕಿದವು. ತಮಗೆ ಒಪ್ಪುವ ಗೂಟ ಸಿಕ್ಕಿದ್ದೇ ತಡ, ಗಬಕ್ಕನೆ ಕಚ್ಚಿ ಹಿಡಿದವು. ಕೈಗೆ ಕೈ ಕೂಡಿಸಿದವು. ಗಿರ್ರನೆ ಗೋಡೆ ಕೊರೆದವು.

ಗಡದ್ದಪ್ಪನ ದವಡೆ ನಿಂತುಹೋಯಿತು.

"ಅಜ್ಜೀ... ಬುತ್ತೀಲಿ ಏನಿಟ್ಟಿದ್ದೆ?"

"ನನ್ನ ಸಿಟ್ಟು ಕಣೋ."

"ಈಗ ತಾನೇ ಜಿಂಕೆ ಇದೇ ಚಿಗುರಿನ ತುದಿ ಬುತ್ತಿ ಸಮೇತ ತಿಂತಲ್ಲ! ಅದಕ್ಕೇನೂ ಆಗಲಿಲ್ಲ!"

"ಅದರ ಹೊಟ್ಟೇಲಿ ಸುಣ್ಣ ಇಲ್ಲ, ನನ್ನ ಸಿಟ್ಟಿಗೆ ಗೂಟವೂ ಇಲ್ಲ. ಅದರ ಮೇಲೆ ನನಗೆ ಜಗಳವೂ ಇಲ್ಲ. ಜಗಳ ನಿನ್ನ ಮೇಲೆ!"

ತೂತುಬಿದ್ದ ಗೋಡೆಯಿಂದ ಸುಣ್ಣದ ತಿಳಿ ಮೈಯೊಳಗೆಲ್ಲ ಸೋರಿತು. ಗುಡ್ಡದಂಥ ಮೈ ಕುಗ್ಗಿ ಕುಗ್ಗಿ ಬೆರಳುದ್ದಕ್ಕೆ ಇಳಿಯಿತು. ಕಂಬಳಿ ಸರಿಸಿ ಹುಡಿಯವ್ವನ ಮಕ್ಕಳು ಅವನ ಹೊಟ್ಟೆಯೊಳಗೇ ಎದ್ದು, ಅವನನ್ನೇ ಉಂಡು, ಒಬ್ಬರಿಗೆ ಸಾವಿರವಾಗಿ ಮಣ್ಣಿಗಿಳಿದರು. ಉಳಿದರ್ಧ ಚಿಗುರಿನಿಂದ ಅವರೆಬಳ್ಳಿ ಹೂ ಬಿಟ್ಟಿತು.

ಹುಡಿಯವ್ವನ ಸಿಟ್ಟು ಮಾತ್ರ ಇಳಿಯಲಿಲ್ಲ. ಗಡದ್ದಪ್ಪನ ಕುಲಕ್ಕೆ ಕ್ಷಮೆ ಇಲ್ಲ ಎಂದಳು, ಬುತ್ತಿ ಕಟ್ಟುತ್ತಲೇ ಇದ್ದಾಳೆ.

ಅದಕ್ಕೇ ಕಂದಾ, ನೀನು ಇವತ್ತು ಅವರೆ ಹೊಲಕ್ಕೆ ಹೋದರೂ, ಅಲ್ಲೊಂದು ಇಲ್ಲೊಂದು ಹುಳ ಅರ್ಧ ಕಚ್ಚಿದ ಎಲೆಯ ಅಂಚಿಗೆ ತಲೆಕೆಳಗಾಗಿ, ಕಪ್ಪಗೆ ಜೋತುಬಿದ್ದಿರುತ್ತದೆ.