ತನ್ನ ಥೀಸಿಸ್‌ಗೆ ತಾನೇ ಬರೆದ ಷರಾ

ತಿಪ್ಪೇಶ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಪಿಎಚ್‌ಡಿಗೆ ಸೇರಿ ಏಳು ವರ್ಷವಾಗಿತ್ತು. ವಿಷಯ, ಕೆಲಸ ಹಂಚಿಕೆ. ಗೈಡ್ ಅಶ್ವತ್ಥಯ್ಯನವರು ಆ ವಿದ್ಯೆಯಲ್ಲಿ ಪಳಗಿದವರು. ತಮ್ಮ ಪಾಠ ಇವನಿಂದ ಮಾಡಿಸುತ್ತಿದ್ದರು, ಉತ್ತರಪತ್ರಿಕೆ ಇವನಿಂದ ತಿದ್ದಿಸುತ್ತಿದ್ದರು. ಇವನ ಥೀಸಿಸ್ ಮೇಲಿನ ಷರಾವನ್ನೂ "ನೀನೇ ಬರ್ಕೊಂಡು ಬಾರಪ್ಪ, ಸಹಿ ಹಾಕ್ತೀನಿ" ಎನ್ನುತ್ತಿದ್ದರು. ಪಾಪ, ತಿಪ್ಪೇಶ ಪ್ರಾಮಾಣಿಕ. ಮೂರನೇ ಅಧ್ಯಾಯ ಏನೇನೂ ಸಾಲದು ಎಂದು ತಾನೇ ಷರಾ ಬರೆದು, ಅದಕ್ಕೆ ತಾನೇ ಹೆದರಿ, ಆ ಅಧ್ಯಾಯವನ್ನು ಎರಡು ಸಲ ತಿದ್ದಿ ಬರೆದಿದ್ದ.

ಒಂದು ದಿನ ವಿಶ್ವವಿದ್ಯಾಲಯದ ಸಮಿತಿ ಬಂತು. ಗೈಡ್ ಗದರಿದರು: "ಏಳು ವರ್ಷ ಯಾಕಾಯ್ತು ಅಂತ ಕೇಳ್ತಾರೆ. ನನ್ನ ಹೆಸರಲ್ಲಿ ಒಂದು ಉತ್ತರ ಬರೆದುಕೊಡು." ಬರೆದುಕೊಟ್ಟ. ಎಂದಿನಂತೆ ಓದದೆಯೇ ಜೇಬಿಗಿಟ್ಟುಕೊಂಡರು.

ಸಮಿತಿಯೆದುರು ಗಂಟಲು ಸರಿಮಾಡಿಕೊಂಡು ಓದತೊಡಗಿದರು: "ತಡವಾದದ್ದು ನನ್ನಿಂದ. ಥೀಸಿಸ್ ಮುಗಿದು ಎರಡು ವರ್ಷವಾಯಿತು, ನಾನಿನ್ನೂ ಓದಿಲ್ಲ. ನನ್ನ ಪಾಠವನ್ನೂ ಅವನೇ ಮಾಡುತ್ತಿದ್ದಾನೆ..." ದನಿ ಇಳಿಯಿತು. ಇದು ನಾನು ಬರೆದದ್ದಲ್ಲ ಎನ್ನುವಂತಿಲ್ಲ. ಹಾಗೆ ಹೇಳಿದರೆ, ಉತ್ತರವನ್ನೂ ಅವನಿಂದಲೇ ಬರೆಸಿದ್ದು ಬಯಲಾಗುತ್ತದೆ. ಬೆವರು ಒರೆಸಿಕೊಂಡು ಮುಗಿಸಿದರು: "ನಾಳೆಯಿಂದ ನನ್ನ ಪಾಠ ನಾನೇ ಮಾಡುತ್ತೇನೆ."

ಸಮಿತಿಯ ಅಧ್ಯಕ್ಷೆ ಎದ್ದು ಕೈಮುಗಿದರು. "ಇಂಥ ಸತ್ಯವಂತರನ್ನ ನಾನು ಕಂಡೇ ಇಲ್ಲ ಸರ್!" ತಿಪ್ಪೇಶನ ವೈವಾಗೆ ಅಲ್ಲೇ ದಿನ ಗೊತ್ತುಮಾಡಿದರು. ಅಶ್ವತ್ಥಯ್ಯನವರ ಸನ್ಮಾನಕ್ಕೂ ದಿನ ಗೊತ್ತುಮಾಡಿದರು.

ಹೊರಗೆ ಬಂದಮೇಲೆ ಗೈಡ್ ಇವನನ್ನು ದುರುಗುಟ್ಟಿ ನೋಡಿದರು. ತಿಪ್ಪೇಶ ನೆಲ ನೋಡಿದ. ಕೊನೆಗೆ ಅವರೇ ಮೆಲ್ಲಗೆ ಹೇಳಿದರು: "ಸನ್ಮಾನದ ದಿನ ನಾನೂ ಮಾತಾಡಬೇಕಲ್ಲಪ್ಪ. ಎರಡು ಮಾತು ಬರೆದುಕೊಡು."

ಏಳು ವರ್ಷದ ಅಭ್ಯಾಸ. ತಿಪ್ಪೇಶನ ಕೈ ಆಗಲೇ ಪೆನ್ನಿನ ಕ್ಯಾಪು ತೆಗೆದಿತ್ತು.