ಸುಣ್ಣದ ಡಬ್ಬಿಯ ತೂಕ

“ಮಾವ, ತಪ್ಪು ಮಾಡಿದ್ದಾನೆ ಅಂತ ಗೊತ್ತಿದ್ದೂ ಅವನ ಪರ ನಿಂತು ವಾದಿಸೋದು ಹೇಗೆ?”

ಹೀಗೆ ಕೇಳಿದವಳು ವಿನುತಾ. ಅವಳು ಕಪ್ಪು ಕೋಟು ತೊಟ್ಟು ಎಂಟು ತಿಂಗಳಾಗಿತ್ತು. ಕೇಳಿಸಿಕೊಂಡವರು ಅವಳ ಸೋದರಮಾವ, ಹಿರಿಯ ವಕೀಲ ತಿಪ್ಪೇರುದ್ರಪ್ಪನವರು. ಅವಳಿಗೆ ಗುರುವೂ ಅವರೇ.

ಕಚೇರಿಯ ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಬೆಳಿಗ್ಗೆ ಎಂಟರಿಂದ ಕೂತಿದ್ದಳು. ಅವಳ ಗಂಡನನ್ನು ಮೆಥ್ ಎಂಬ ಮಾದಕ ಹರಳಿನ ಸಮೇತ ಪೊಲೀಸರು ಹಿಡಿದಿದ್ದರು. ಹನ್ನೊಂದು ಗಂಟೆಗೆ ಅವನನ್ನು ನ್ಯಾಯಾಲಯಕ್ಕೆ ತರುತ್ತಾರೆ. ಮಾವನಿಗೆ ಅದೇ ಹೊತ್ತಿಗೆ ಪಕ್ಕದ ತಾಲ್ಲೂಕಿನಲ್ಲಿ ಬೇರೊಂದು ವಾದವಿತ್ತು. ಆದ್ದರಿಂದ ಈ ಕೇಸನ್ನು ವಿನುತಾಳಿಗೆ ಒಪ್ಪಿಸಿದ್ದರು. ವಿನುತಾ ವಕಾಲತ್ತಿನ ಹಾಳೆಯನ್ನು ಮೇಜಿನ ಮೇಲೆ ಅವರತ್ತಲೇ ಸರಿಸಿ, ತಾನು ಸಹಿ ಮಾಡುವುದಿಲ್ಲ ಎಂದಿದ್ದಳು. ಅವಳ ಜೊತೆ ಓದಿದವಳೊಬ್ಬಳ ತಮ್ಮ ಅದೇ ಹರಳನ್ನು ಸೇದಿ ಸೇದಿ ಹಲ್ಲುದುರಿಸಿಕೊಂಡು, ಇಪ್ಪತ್ತೆರಡಕ್ಕೇ ಹೆತ್ತ ತಾಯಿಯ ಗುರುತು ಮರೆತಿದ್ದ. ಅದನ್ನು ಅವಳು ಕಣ್ಣಾರೆ ಕಂಡಿದ್ದಳು.

“ಅವನೇ ಒಪ್ಪಿಕೊಂಡಿದ್ದಾನೆ, ಮಾವ. ತಂದವನು ನಾನೇ ಅಂತ ಹೆಂಡತಿ ಹತ್ತಿರ ಹೇಳಿದನಂತೆ.”

“ಒಳ್ಳೇದಾಯಿತು. ನಿಜ ಹೇಳೋ ಕಕ್ಷಿದಾರ ನನಗೆ ಮೂವತ್ತೆಂಟು ವರ್ಷದಲ್ಲಿ ಇಬ್ಬರೇ ಸಿಕ್ಕಿದ್ದು. ನಿನಗೆ ಎಂಟೇ ತಿಂಗಳಿಗೆ ಒಬ್ಬ ಸಿಕ್ಕಿದ,” ಎಂದು ಮಾವ ಕುರ್ಚಿಗೆ ಒರಗಿದರು. “ಒಂದು ಕತೆ ಹೇಳುತ್ತೇನೆ, ಕೇಳು. ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾನು ಗೆದ್ದ ಕೇಸುಗಳೆಲ್ಲ ಇವತ್ತೇ ಮೇಲಿನ ಕೋರ್ಟಿನಲ್ಲಿ ಬಿದ್ದುಹೋಗಲಿ.”

“ನೀವು ಆಣೆ ಇಟ್ಟರೇ ನನಗೆ ಭಯ. ಹೋದ ಸಲ ಆಣೆ ಇಟ್ಟು, ನಿಮ್ಮ ವಾದ ಕೇಳಿ ಕೋರ್ಟಿನ ಗಡಿಯಾರವೇ ನಿಂತುಹೋಯಿತು ಅಂದಿರಿ.”

“ನಿಂತಿತ್ತು. ಹೊಸ ಸೆಲ್ ಹಾಕಿಸಿದವನೇ ನಾನು. ಈಗ ಕೇಳು.”

ಮಾವ ಹೇಳತೊಡಗಿದರು.

ಹೆದ್ದಾರಿಯ ಪಕ್ಕ ಒಂದು ಊರು. ಅಲ್ಲಿ ಒಬ್ಬ ವಕೀಲನಿದ್ದ. ಎಂಥ ವಕೀಲ ಎಂದರೆ, ಅವನು ಪಾಟೀಸವಾಲಿಗೆ ಎದ್ದು ಸಾಕ್ಷಿಯನ್ನು ಪ್ರಶ್ನಿಸತೊಡಗಿದರೆ ಆ ಸಾಕ್ಷಿ ತನ್ನ ಮದುವೆಯ ತಾರೀಖನ್ನೇ ಮರೆಯುತ್ತಿದ್ದ. ಅವನು ಬರಿದೇ ಕೆಮ್ಮಿದರೂ ಎದುರು ವಕೀಲರು ಮುಂದಿನ ತಾರೀಖು ಕೇಳುತ್ತಿದ್ದರು. ಮೂರು ಜಿಲ್ಲೆಗಳಲ್ಲಿ ಅವನಿಗೆ ಸಮಾನರಿಲ್ಲ ಎಂದು ಜನ ಹೇಳುತ್ತಿದ್ದರು. ಜನ ಮರೆತಾಗ ಅವನೇ ಹೇಳುತ್ತಿದ್ದ.

“ಅವರ ಹೆಸರು?” ಎಂದಳು ವಿನುತಾ, ನಗು ತಡೆದುಕೊಂಡು.

“ಹೆಸರು ಕೇಳಬೇಡ. ವಿನಯ ಅಡ್ಡ ಬರುತ್ತದೆ.”

ಆ ಊರಿಗೆ ಈ ಹರಳು ಬಂತು. ಹೆದ್ದಾರಿ ಇದ್ದಲ್ಲಿಗೆ ಎಲ್ಲವೂ ಬರುತ್ತದೆ. ವರ್ಷ ಕಳೆಯುವುದರೊಳಗೆ ನಾಲ್ಕು ಮನೆಗಳು ಹಾಳಾದವು. ಊರಿಗೆ ಸಿಟ್ಟು ಬಂತು. ಬರಬೇಕಾದ ಸಿಟ್ಟೇ. ವಕೀಲರ ಸಂಘದವರು ಸಭೆ ಸೇರಿ ಒಂದು ಠರಾವು ಮಾಡಿದರು. ಹರಳಿನ ಕೇಸಿನಲ್ಲಿ ಸಿಕ್ಕಿಬಿದ್ದವರ ಪರ ಈ ಊರಿನ ಯಾವ ವಕೀಲರೂ ವಕಾಲತ್ತು ಹಾಕಕೂಡದು ಎಂದು. ಠರಾವು ಬರೆದವನು ನಮ್ಮ ವಕೀಲನೇ. ಬರವಣಿಗೆ ಚೆನ್ನಾಗಿತ್ತು. ಕೊನೆಯ ಸಾಲು ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಅದನ್ನು ಇನ್ನೊಮ್ಮೆ ಓದಿದ.

ಮರುತಿಂಗಳೇ ಒಬ್ಬ ಲಾರಿ ಚಾಲಕ ಸಿಕ್ಕಿಬಿದ್ದ. ಎಲೆಯಡಿಕೆ ಹಾಕುವವನು. ಅವನ ಜೇಬಿನಲ್ಲಿ ಎರಡು ಸುಣ್ಣದ ಡಬ್ಬಿಗಳಿದ್ದವು. ಒಂದರಲ್ಲಿ ಸುಣ್ಣ, ಇನ್ನೊಂದರಲ್ಲಿ ಹರಳು. ಎರಡೂ ಹಿತ್ತಾಳೆಯವು, ಅವನ ಅಜ್ಜನ ಕಾಲದವು. ಕಾಲ ಮೇಲೆ ಬಿದ್ದರೆ ಬೆರಳು ಬಾತುಕೊಳ್ಳಬೇಕು, ಅಷ್ಟು ಗಟ್ಟಿ. ಗಾಡಿ ಓಡಿಸುವಾಗ ನಿದ್ದೆ ಬರದಿರಲಿ ಎಂದು ಮೊದಮೊದಲು ಅವನೇ ಸೇದಿದ. ಆಮೇಲೆ ಬೇರೆ ಚಾಲಕರಿಗೂ ಮಾರತೊಡಗಿದ. ತಪ್ಪು ಅವನದೇ. ಅದನ್ನು ಅವನು ಯಾವತ್ತೂ ಇಲ್ಲ ಎನ್ನಲಿಲ್ಲ.

ಪೊಲೀಸರು ರಸ್ತೆಯ ಬದಿಯಲ್ಲೇ ಮಹಜರು ಬರೆದರು. ತೂಕ ಮಾಡಲು ಪೇಟೆಯಿಂದ ಒಬ್ಬ ಅಕ್ಕಸಾಲಿಗನನ್ನು ತಕ್ಕಡಿಯ ಸಮೇತ ಕರೆಸಿದರು. ಅಂಥ ಹೊತ್ತಿನಲ್ಲಿ ಅಕ್ಕಸಾಲಿಗನನ್ನು ಕರೆಸುವುದು ಅಲ್ಲಿನ ವಾಡಿಕೆ. ಕಿರಾಣಿ ಅಂಗಡಿಯ ತಕ್ಕಡಿಗೆ ಗ್ರಾಮಿನ ಮಟ್ಟದ ಸೂಕ್ಷ್ಮ ತಿಳಿಯುವುದಿಲ್ಲ.

ಡಬ್ಬಿಯ ಮುಚ್ಚಳ ತೆಗೆದು ಒಳಗೆ ಇಣುಕಿದರು. ಹರಳು ಕಂಡಿತು. ಇನ್ನು ಅದನ್ನು ಹೊರಗೆ ಸುರಿದು ತೂಗಬೇಕು. ಆದರೆ ಅದನ್ನು ಮುಟ್ಟಿದರೆ ಸಾಕು, ಚರ್ಮದಿಂದಲೇ ಅಮಲೇರುತ್ತದೆ ಎಂದು ಠಾಣೆಯಲ್ಲಿ ಯಾರೋ ಹೇಳಿಬಿಟ್ಟಿದ್ದರು. ಇನ್ಸ್‌ಪೆಕ್ಟರು ಪೇದೆಯ ಮುಖ ನೋಡಿದರು. ಪೇದೆ ಅಕ್ಕಸಾಲಿಗನ ಮುಖ ನೋಡಿದ. ಅಕ್ಕಸಾಲಿಗ, ತನಗೆ ಮೂವರು ಮಕ್ಕಳು ಎಂದ. ಮುಚ್ಚಳ ಮುಚ್ಚಿ, ಡಬ್ಬಿಯನ್ನು ಕರವಸ್ತ್ರದಲ್ಲಿ ಹಿಡಿದು, ಹಾಗೆಯೇ ತಕ್ಕಡಿಗಿಟ್ಟರು. ಐವತ್ತೆಂಟು ಗ್ರಾಂ ಬಂತು. ಬರೆದುಕೊಂಡರು. ಮುದ್ರೆ ಒತ್ತಿದರು. ಮುಂದೆ ಪ್ರಯೋಗಾಲಯದವರು ಚಿಟಿಕೆಯಷ್ಟು ತೆಗೆದು ನೋಡಿ, ಹೌದು, ಇದು ಮಾದಕ ವಸ್ತುವೇ ಎಂದು ವರದಿ ಕಳಿಸಿದರು. ತೂಕದ ಬಗ್ಗೆ ಅವರನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಲಿಲ್ಲ.

ಇಲ್ಲಿ ಮಾವ ಕತೆ ನಿಲ್ಲಿಸಿದರು. “ಐವತ್ತೆಂಟು ಅಂದರೆ ಕಾನೂನು ಏನನ್ನುತ್ತದೆ?”

“ಐವತ್ತು ಗ್ರಾಂ ದಾಟಿದರೆ ಕಡಿಮೆಯೆಂದರೂ ಹತ್ತು ವರ್ಷ,” ಎಂದಳು ವಿನುತಾ. “ನ್ಯಾಯಾಧೀಶರು ಇಳಿಸಬೇಕೆಂದರೂ ಇಳಿಸೋ ಹಾಗಿಲ್ಲ. ದಾಟದಿದ್ದರೆ ಅವರ ವಿವೇಚನೆ.” ಹಾಗೆಂದವಳೇ ಕೇಳಿದಳು: “ಖಾಲಿ ಡಬ್ಬಿಯದು ಎಷ್ಟು?”

“ನೀನು ಇಲ್ಲಿ ಕೂತು ಕೇಳುತ್ತಿದ್ದೀಯ. ಅಲ್ಲಿ ಕೇಳುವವರು ಬೇಕಿತ್ತು.”

ಚಾಲಕನ ಹೆಂಡತಿ ಈ ವಕೀಲನ ಮನೆ ಹುಡುಕಿಕೊಂಡು ಬಂದಳು. ಬಾಗಿಲಲ್ಲೇ ನಿಂತಳು.

“ಸ್ವಾಮಿ, ಅವರನ್ನು ಬಿಡಿಸಿಕೊಡಿ ಅಂತ ನಾನು ಕೇಳೋದಿಲ್ಲ,” ಎಂದಳು. “ಮಾಡಿದ್ದಕ್ಕೆ ಎಷ್ಟೋ ಅಷ್ಟು ಆಗಲಿ. ಅದಕ್ಕಿಂತ ಹೆಚ್ಚಾಗದ ಹಾಗೆ ನೋಡಿಕೊಳ್ಳಿ. ನನ್ನ ಮಗಳಿಗೆ ಈಗ ಆರು ವರ್ಷ.”

ವಕೀಲ ಠರಾವಿನ ಪ್ರತಿಯನ್ನು ತಂದು ತೋರಿಸಿದ. ಅವಳಿಗೆ ಓದು ಬರುತ್ತಿರಲಿಲ್ಲ. ಅವನೇ ಓದಿ ಹೇಳಿದ, ಕೊನೆಯ ಸಾಲಿನವರೆಗೂ. ಅವಳು ಪೂರ್ತಿ ಕೇಳಿಸಿಕೊಂಡು, ಕೈಮುಗಿದು ಹೋದಳು.

ವಿಚಾರಣೆ ಶುರುವಾಯಿತು. ಚಾಲಕನಿಗೆ ವಕೀಲರಿಲ್ಲ ಎಂದು ನ್ಯಾಯಾಲಯವು ಉಚಿತ ಕಾನೂನು ನೆರವಿನ ಪಟ್ಟಿಯಿಂದ ಪರವೂರಿನ ಒಬ್ಬ ಹೊಸಬನನ್ನು ನೇಮಿಸಿತು. ಠರಾವು ಮಾಡಿದ ಊರಿನಲ್ಲಿ ಅವನ ಜೊತೆ ಒಂದು ಲೋಟ ಚಹಾ ಕುಡಿಯುವವರೂ ಇರಲಿಲ್ಲ. ಅವನು ಬೇಗ ಮುಗಿಸಿ ಬಸ್ಸು ಹಿಡಿಯುವ ಯೋಚನೆಯಲ್ಲಿದ್ದ. ಇನ್ಸ್‌ಪೆಕ್ಟರು ಸಾಕ್ಷಿ ಹೇಳಿದರು. “ಪಾಟೀಸವಾಲು ಇಲ್ಲ,” ಎಂದ ಹೊಸಬ. ಮಹಜರಿಗೆ ಸಹಿ ಹಾಕಿದ ಇಬ್ಬರು ಪಂಚರು ಸಾಕ್ಷಿ ಹೇಳಿದರು. “ಪಾಟೀಸವಾಲು ಇಲ್ಲ.” ಕೊನೆಗೆ ಅಕ್ಕಸಾಲಿಗ ಕಟಕಟೆ ಹತ್ತಿದ. ಮೇಜಿನ ಮೇಲಿದ್ದ ಡಬ್ಬಿಯನ್ನು ಗುರುತಿಸಿದ. ತೂಗಿದವನು ನಾನೇ, ಐವತ್ತೆಂಟು ಗ್ರಾಂ ಎಂದ.

ನಮ್ಮ ವಕೀಲ ಬೇರೊಂದು ಕೇಸಿಗಾಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಅವನ ಕಣ್ಣು ಡಬ್ಬಿಯ ಮೇಲೆ ಬಿತ್ತು. ಅವನ ತಾಯಿಯ ಹತ್ತಿರವೂ ಅಂಥದ್ದೊಂದು ಇತ್ತು. ಅದರ ಭಾರ ಅವನ ಅಂಗೈಗೆ ನೆನಪಿತ್ತು. ಇದರಲ್ಲಿ ಹರಳು ಎಷ್ಟು, ಹಿತ್ತಾಳೆ ಎಷ್ಟು ಎಂದು ಯಾರಾದರೂ ಕೇಳಬೇಕು ಅನ್ನಿಸಿತು. ಸುತ್ತ ನೋಡಿದ. ನ್ಯಾಯಾಧೀಶರು ಬರೆಯುತ್ತಿದ್ದರು. ಹೊಸಬ ಕಾಗದ ಮಡಚುತ್ತಿದ್ದ.

ಆಗ ನೋಡು, ಅವನು ಎದ್ದ.

ಎದ್ದ ರಭಸಕ್ಕೆ ಆ ಬೆಂಚಿನಲ್ಲಿದ್ದ ಇನ್ನೂ ಮೂವರು ವಕೀಲರು ತಮ್ಮ ಕೇಸೇ ಕರೆದರೆಂದು ಎದ್ದು ನಿಂತರು. ಕಿಟಕಿಯ ಪಾರಿವಾಳಗಳು ಹಾರಿ, ವ್ಯಾಪ್ತಿ ಬದಲಾಯಿಸಿ ಪಕ್ಕದ ತಾಲ್ಲೂಕಿನ ನ್ಯಾಯಾಲಯದಲ್ಲಿ ಹೋಗಿ ಕೂತವು. ಸಂಘದ ಅಧ್ಯಕ್ಷರು, “ಠರಾವು ಮರೆತೆಯೇನಯ್ಯಾ?” ಎಂದು ಅವನ ಕೋಟು ಹಿಡಿದು ಎಳೆದರು. ಕೋಟಿನ ಗುಂಡಿ ಅವರ ಕೈಯಲ್ಲಿ ಉಳಿಯಿತು. ವಕೀಲ ಮುಂದೆ ನಡೆದ. ಅಲ್ಲಿಯೇ ಚಾಲಕನಿಂದ ವಕಾಲತ್ತಿಗೆ ಸಹಿ ಹಾಕಿಸಿಕೊಂಡ. ಅಕ್ಕಸಾಲಿಗನ ಕಡೆ ತಿರುಗಿದ.

“ನಿಮ್ಮ ಅಂಗಡಿಗೆ ಒಬ್ಬಾಕೆ ಅರಗು ತುಂಬಿದ ಹಳೇ ಬಳೆ ಮಾರೋದಕ್ಕೆ ತಂದರೆ, ಅರಗಿಗೂ ಚಿನ್ನದ ಬೆಲೆ ಕಟ್ಟುತ್ತೀರೋ?”

“ಎಲ್ಲಾದರೂ ಉಂಟಾ, ಸ್ವಾಮಿ? ಅರಗು ತೆಗೆದು ಆಮೇಲೆ ತೂಗೋದು. ಹಾಗೇ ತೂಗುತ್ತಾ ಕೂತರೆ ನಾನು ಅಂಗಡಿ ಮುಚ್ಚಬೇಕಾಗುತ್ತೆ.”

“ಎಷ್ಟು ವರ್ಷದಿಂದ ಹೀಗೆ ಕಳೆದು ತೂಗುತ್ತಿದ್ದೀರಿ?”

“ನಮ್ಮಪ್ಪನ ಪಕ್ಕ ಕೂತಾಗಿನಿಂದ. ಮೂವತ್ತು ವರ್ಷ ಆಯಿತು.”

“ಹಾಗಾದರೆ ಅವತ್ತು ಡಬ್ಬಿಯ ತೂಕ ಯಾಕೆ ಕಳೆಯಲಿಲ್ಲ?”

ಅಕ್ಕಸಾಲಿಗ ನ್ಯಾಯಾಧೀಶರನ್ನು ನೋಡಿದ. ಚಾಲಕನನ್ನು ನೋಡಿದ. ಕಟಕಟೆಯ ಅಂಚನ್ನು ಹಿಡಿದುಕೊಂಡ.

“ಯಾರೂ ಕೇಳಲಿಲ್ಲ, ಸ್ವಾಮಿ,” ಎಂದ.

ನ್ಯಾಯಾಧೀಶರು ಮುದ್ರೆ ಒಡೆಸಿದರು. ಹರಳನ್ನು ಕಾಗದಕ್ಕೆ ಸುರಿಸಿ ತೂಗಿಸಿದರು. ಹನ್ನೊಂದು ಗ್ರಾಂ. ಖಾಲಿ ಡಬ್ಬಿ ನಲವತ್ತೇಳು. ಚಾಲಕನಿಗೆ ಮೂರು ವರ್ಷ ಶಿಕ್ಷೆಯಾಯಿತು. ಅವನು ತಲೆಬಾಗಿ ಒಪ್ಪಿಕೊಂಡ. ಹರಳು ಮಾರಿದ್ದಕ್ಕೆ ಮೂರು ವರ್ಷ. ಅಜ್ಜನ ಹಿತ್ತಾಳೆ ಇಟ್ಟುಕೊಂಡಿದ್ದಕ್ಕೆ ಒಂದು ದಿನವೂ ಇಲ್ಲ. ಮಗಳಿಗೆ ಒಂಬತ್ತು ತುಂಬುವ ಹೊತ್ತಿಗೆ ಮನೆಗೆ ಬಂದ. ಊರು ಹಾಳಾಗಲಿಲ್ಲ. ಠರಾವು ಕಪಾಟು ಸೇರಿತು. ವಕೀಲನ ಕೀರ್ತಿ ಮೂರು ಜಿಲ್ಲೆಯಿಂದ ಐದಕ್ಕೆ ಏರಿತು.

ಮಾವ ಕತೆ ಮುಗಿಸಿ ನೀರು ಕುಡಿದರು.

“ಅಷ್ಟೇ ಕಣಮ್ಮ ನಮ್ಮ ಕೆಲಸ,” ಎಂದರು. “ಹರಳು ಹರಳೇ. ಅದನ್ನು ಸಕ್ಕರೆ ಅಂತ ಹೇಳು ಅಂದವರಾರು? ಡಬ್ಬಿಯ ತೂಕ ಕಳೆಯಿರಿ ಅಂತ ಕೇಳು, ಸಾಕು.”

ವಿನುತಾ ಬಾಗಿಲಿನತ್ತ ನೋಡಿದಳು. ಹೊರಗಿನ ಹೆಂಗಸಿನ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ಗಂಟೆ ಹತ್ತೂ ಇಪ್ಪತ್ತಾಗಿತ್ತು. ಕತೆ ಅವಳಿಗೆ ಹಿಡಿಸಿತ್ತು. ಎದೆಯ ಭಾರವೂ ಸ್ವಲ್ಪ ಇಳಿದಿತ್ತು. ಆದರೂ ಗೆಳತಿಯ ತಮ್ಮನ ಬೊಚ್ಚು ಬಾಯಿ ಕಣ್ಣ ಮುಂದಿನಿಂದ ಸರಿಯಲಿಲ್ಲ.

“ಕೇಳುವವರು ಬೇಕು, ಒಪ್ಪಿದೆ,” ಎಂದಳು. “ಆ ಠರಾವಿನ ಊರಲ್ಲೇ ಒಬ್ಬರು ಎದ್ದರಲ್ಲ. ಇಲ್ಲಿ ಠರಾವೂ ಇಲ್ಲ, ಇನ್ನೂರು ಜನ ವಕೀಲರಿದ್ದಾರೆ. ನಾನು ಸಹಿ ಮಾಡದಿದ್ದರೆ ಬೇರೆ ಯಾರಾದರೂ ಎದ್ದೇ ಏಳುತ್ತಾರೆ, ಮಾವ. ನಾನೇ ಯಾಕೆ ಆಗಬೇಕು?”

ಮಾವ ಎದ್ದು ಕೋಟು ತೊಟ್ಟರು. ಫೈಲುಗಳನ್ನು ಕಂಕುಳಿಗಿಟ್ಟುಕೊಂಡರು. ಹಾಳೆಯನ್ನು ಒಂದು ಬೆರಳಿನಿಂದ ಅವಳ ಕಡೆ ಸರಿಸಿದರು.

“ಹೇಳಿದ್ದರಲ್ಲಿ ಒಂದೇ ಒಂದು ಸಣ್ಣ ವಿವರ ನಾನು ಕಟ್ಟಿದ್ದು, ವಿನುತಾ: ಅವತ್ತು ನಾನು ಏಳಲಿಲ್ಲ.”